ಕೇಬಲ್ ಕಾರು ಯಾವ ತಾರೀಖಿನವರೆಗೆ?

ಬೆಳಗಿನ ಐದು ಗಂಟೆ. ಮಿಷಿಗನ್ನಿನ ಕ್ಯಾಂಟನ್‌ನಲ್ಲಿ ಸೆಪ್ಟೆಂಬರ್ ಕೊನೆಯ ವಾರ. ಹೊರಗೆ ನಲವತ್ತಾರು ಡಿಗ್ರಿ ಫ್ಯಾರನ್‌ಹೀಟಿನ ಚಳಿ. ಬಡಾವಣೆಯ ಯಾವ ಮನೆಯಲ್ಲೂ ಇನ್ನೂ ದೀಪ ಹೊತ್ತಿಲ್ಲ. ಸರಳಾ ತಿರುಮಲೇಶ ಅಡುಗೆಮನೆಯ ಮೇಜಿನ ಮುಂದೆ ಕೂತು, ಕಾಫಿ ಲೋಟವನ್ನು ಒಂದು ಪಕ್ಕಕ್ಕೆ ಸರಿಸಿ, ವಿದೇಶಕ್ಕೆ ಫೋನ್ ಮಾಡುವ ಕಾಲಿಂಗ್ ಕಾರ್ಡಿನ ಹಿಂದಿರುವ ಉದ್ದನೆಯ ನಂಬರನ್ನು ಒಂದೊಂದಾಗಿ ಒತ್ತುತ್ತಾರೆ. ಆಸ್ಟ್ರಿಯಾದ ಒಂದು ಕಣಿವೆಯಲ್ಲಿ ಯಾರೋ ಫೋನ್ ಎತ್ತುತ್ತಾರೆ. ಲೈಬ್ರರಿಯಿಂದ ಸಿ.ಡಿ. ತಂದು ಕಲಿತ ಜರ್ಮನ್‌ನಲ್ಲಿ ಸರಳಾ ನಮಸ್ಕಾರ ಹೇಳಿ, ಬೆಟ್ಟದ ಮೇಲಕ್ಕೆ ಹೋಗುವ ಕೇಬಲ್ ಕಾರು ಯಾವ ತಾರೀಖಿನವರೆಗೆ ಓಡುತ್ತದೆ ಎಂದು ಕೇಳುತ್ತಾರೆ. ಉತ್ತರವನ್ನು ಬರೆದುಕೊಂಡು, ಗಟ್ಟಿಯಾಗಿ ಓದಿ ಹೇಳಿ, ಮತ್ತೊಮ್ಮೆ ಕೇಳುತ್ತಾರೆ.

"ಇಲ್ಲಿ ಐದು ಅಂದ್ರೆ ಅಲ್ಲಿ ಹನ್ನೊಂದು. ಗೆಸ್ಟ್‌ಗಳಿಗೆ ತಿಂಡಿ ಕೊಟ್ಟು, ರೂಮ್ ಕ್ಲೀನ್ ಮಾಡಿ, ಅವ್ರು ಒಂದು ಗಳಿಗೆ ಕೂತಿರೋ ಹೊತ್ತು. ಬೇರೆ ಟೈಮಲ್ಲಿ ಮಾಡಿದ್ರೆ ಅವಸರದಲ್ಲಿ ಏನೋ ಒಂದು ಹೇಳಿಬಿಡ್ತಾರೆ" ಎಂದು ಎದುರಿಗೆ ಕೂತ ನನಗೆ ಹೇಳುತ್ತಾರೆ ಸರಳಾ.

ಅವರಿಗೆ ಐವತ್ನಾಲ್ಕು ವರ್ಷ. ಮೈಸೂರಿನ ಸರಸ್ವತೀಪುರಂನವರು. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಗಂಡ ತಿರುಮಲೇಶ 2009ರ ಜನವರಿಯಲ್ಲಿ ಕೆಲಸ ಕಳೆದುಕೊಂಡರು. ಅದೇ ಮಾರ್ಚಿನಲ್ಲಿ, ಸರಳಾ ಅರೆಕಾಲಿಕ ಕೆಲಸಕ್ಕೆ ಹೋಗುತ್ತಿದ್ದ ಟ್ರಾವೆಲ್ ಏಜೆನ್ಸಿಯೂ ಬಾಗಿಲು ಹಾಕಿತು. ಆರ್ಥಿಕ ಕುಸಿತದಿಂದಾಗಿ ಬೀದಿಯಲ್ಲಿ ಎರಡು ಮನೆಗೊಂದು ಮಾರಾಟದ ಬೋರ್ಡು. ಯೂರೋಪ್ ಟೂರಿನ ಮಾತೆತ್ತಿದರೆ ಜನ ನಗುತ್ತಿದ್ದ ಕಾಲ ಅದು.

ಆಗ ಅವರಿಗೆ ನೆನಪಾದದ್ದು ಗೆಸ್ಟ್ ಕಾರ್ಡು. ಆಲ್ಪ್ಸ್ ಪರ್ವತದ ಎಷ್ಟೋ ಕಣಿವೆಗಳಲ್ಲಿ, ಊರಿನ ಒಂದು ಮನೆಯಲ್ಲಿ ರಾತ್ರಿ ತಂಗುವವರಿಗೆ ಆ ಪ್ರದೇಶದವರೇ ಒಂದು ಕಾರ್ಡು ಕೊಡುತ್ತಾರೆ. ಅದನ್ನು ತೋರಿಸಿದರೆ ಕಣಿವೆಯ ಬಸ್ಸು, ಈಜುಕೊಳ, ಪುಟ್ಟ ಮ್ಯೂಸಿಯಮ್ಮು ಎಲ್ಲ ಪುಕ್ಕಟೆ. ಕೆಲವು ಕಡೆ ಬೆಟ್ಟದ ಮೇಲಕ್ಕೆ ಹೋಗುವ ಕೇಬಲ್ ಕಾರೂ ಪುಕ್ಕಟೆ. ಹೋಟೆಲು ಬೇಡ, ಟೂರ್ ಬಸ್ಸು ಬೇಡ, ಬಾಡಿಗೆ ಕಾರೂ ಬೇಡ. ಸರಳಾ ಇದನ್ನೇ ಹಿಡಿದುಕೊಂಡು ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್, ಷಿಕಾಗೋ ಕಡೆಯ ಕನ್ನಡದ ಕುಟುಂಬಗಳಿಗೆ ಮನೆಯಿಂದಲೇ ಪ್ರವಾಸ ಹೊಂದಿಸಿಕೊಡಲು ಶುರುಮಾಡಿದರು. ಈವರೆಗೆ ನಲವತ್ಮೂರು ಕುಟುಂಬಗಳು ಅವರ ಮಾತು ನಂಬಿ ಹೋಗಿ ಬಂದಿವೆ. ದಿನಕ್ಕೆ ಐದಾರು ಫೋನು ಬರುತ್ತವೆ. ಎಂಟು ಕಣಿವೆಗಳ ಬಸ್ ವೇಳಾಪಟ್ಟಿ, ಯಾವ ಮನೆಯವರು ಮೊಟ್ಟೆಯಿಲ್ಲದ ತಿಂಡಿ ಕೊಡುತ್ತಾರೆ ಎಂಬ ವಿವರ, ಎಲ್ಲ ಅವರಿಗೆ ಬಾಯಿಪಾಠ. ಸ್ವತಃ ಅವರು ಆಲ್ಪ್ಸ್ ನೋಡಿಲ್ಲ.

"ಎಲ್ರೂ ನಂಗೆ ಥ್ಯಾಂಕ್ಸ್ ಹೇಳ್ತಾರೆ" ಎನ್ನುತ್ತಾರೆ. "ಹೇಳ್ದೇ ಹೋದವರ ಕಥೇನೇ ನಿಮಗೆ ಹೇಳ್ಬೇಕು."

ಹೀಗೆ ಅವರು ಶಾಂತವ್ವನ ವಿಷಯಕ್ಕೆ ಬರುತ್ತಾರೆ.

ಶಾಂತವ್ವ ಧಾರವಾಡದ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದವರು. ಕಳೆದ ವರ್ಷ, 2009ರ ಬೇಸಿಗೆಯಲ್ಲಿ ಇಲಿನಾಯ್‌ನ ಪ್ಲೇನ್‌ಫೀಲ್ಡ್‌ಗೆ, ಮಗ ರಮೇಶನ ಮನೆಗೆ ಬಂದಿದ್ದರು. ಆಗ ಅವರಿಗೆ ಎಪ್ಪತ್ತೊಂದು. ಆಗಸ್ಟಿನಲ್ಲಿ ರಮೇಶನ ಕೆಲಸ ಹೋಯಿತು, ಕೆಲಸದ ಜೊತೆಗೆ ವೀಸಾ ಕೂಡ. ಹೆಂಡತಿ, ಮಗಳು, ತಾಯಿ ಎಲ್ಲರನ್ನೂ ಕರೆದುಕೊಂಡು ಊರಿಗೆ ಮರಳುವುದೆಂದು ತೀರ್ಮಾನವಾಯಿತು. ಹೋಗುವ ದಾರಿಯಲ್ಲಿ ಮ್ಯೂನಿಕ್‌ನಲ್ಲಿ ಇಳಿದು, ಮೂರು ರಾತ್ರಿ ಎಲ್ಲಾದರೂ ಅವ್ವನಿಗೆ ಹಿಮನದಿ ತೋರಿಸಬೇಕೆಂಬುದು ಮಗನ ಆಸೆ. ಯಾರದೋ ಮನೆಯ ಊಟದಲ್ಲಿ ಸರಳಾ ಹೆಸರು ಕೇಳಿ ಫೋನ್ ಮಾಡಿದ.

ಕಾಗದಪತ್ರ ವಿವರಿಸಲು ಸರಳಾ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಪ್ಲೇನ್‌ಫೀಲ್ಡ್‌ಗೆ ಹೋದರು. ಊಟದ ಮೇಜಿನ ಮೇಲೆ ಆಲ್ಪ್ಸ್ ಕಣಿವೆಗಳ ನಕ್ಷೆ ಹರಡಿದಾಗ ಶಾಂತವ್ವ ಕನ್ನಡಕ ಹಾಕಿಕೊಂಡು, ಶಾಲೆಯ ಹುಡುಗಿಗೆ ಪಾಠ ಹೇಳುವಂತೆ, ಹಿಮನದಿ ಎಲ್ಲಿ ಹುಟ್ಟುತ್ತದೆ, ಕಲ್ಲನ್ನು ಹೇಗೆ ಅರೆಯುತ್ತದೆ, ಅಂಚಿನಲ್ಲಿ ಮಣ್ಣು ಎಲ್ಲಿ ಗುಡ್ಡೆಯಾಗುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸಿದರು.

"ಮೂವತ್ತೊಂದು ವರ್ಷ ಬೋರ್ಡಿನ ಮ್ಯಾಲೆ ಇದನ್ನ ತಗದೀನಿ ನೋಡವಾ" ಎಂದರಂತೆ. "ಒಂದು ಹುಡುಗಿ ಕೇಳಿದ್ಲು, ಟೀಚರ್ ನೀವು ನೋಡೀರೇನು ಅಂತ. ಇಲ್ಲ ಅಂದೆ. ಅವತ್ತಿನಿಂದ ಮನಸಿನ್ಯಾಗ ಐತಿ."

ಅಕ್ಟೋಬರಿನ ವಿಮಾನದ ಟಿಕೆಟು ಅಗ್ಗವಿತ್ತು. ಸರಳಾ ಮ್ಯೂನಿಕ್‌ಗೆ ಹತ್ತಿರವಾಗುವ, ಆಸ್ಟ್ರಿಯಾದ ಒಂದು ಕಣಿವೆ ಆರಿಸಿದರು. ಹಿಲ್ಡೆಗಾರ್ಡ್ ಎಂಬಾಕೆ ನಡೆಸುವ ಏಳು ಕೋಣೆಯ ಮನೆಯಲ್ಲಿ ಜಾಗ ಹಿಡಿದರು. ಅಲ್ಲಿನ ಗೆಸ್ಟ್ ಕಾರ್ಡಿಗೆ ಕೇಬಲ್ ಕಾರು ಸೇರಿತ್ತು. ಅದು ಹಿಮನದಿಯ ಎದುರಿಗೇ ಇಳಿಸುತ್ತಿತ್ತು. ಮಂಡಿನೋವಿನ ಶಾಂತವ್ವ ನಡೆಯಬೇಕಾದದ್ದು ನೂರು ಹೆಜ್ಜೆಯೂ ಇರಲಿಲ್ಲ. ಕೇಬಲ್ ಕಾರು ಅಕ್ಟೋಬರ್ ಮಧ್ಯದವರೆಗೆ ಓಡುತ್ತದೆಂದು ಸರಳಾ ಕೈಯಲ್ಲಿದ್ದ ಕೈಪಿಡಿ ಹೇಳುತ್ತಿತ್ತು. ಆದರೆ ಅದು ಹಿಂದಿನ ವರ್ಷದ ಕೈಪಿಡಿ.

ಅಕ್ಟೋಬರ್ ಎರಡು, ಶುಕ್ರವಾರ. ಹಿಲ್ಡೆಗಾರ್ಡ್ ಅವರಿಂದ ಇಮೇಲ್ ಬಂತು. ರಿಪೇರಿಯಿರುವುದರಿಂದ ಹಿಮನದಿಗೆ ಹೋಗುವ ಕೇಬಲ್ ಕಾರು ಈ ಸಲ ಭಾನುವಾರವೇ ನಿಲ್ಲುತ್ತದೆ, ದಯವಿಟ್ಟು ಅತಿಥಿಗಳಿಗೆ ತಿಳಿಸಿ ಎಂದಿತ್ತು. ರಮೇಶನ ಕುಟುಂಬ ವಿಮಾನ ಹತ್ತಬೇಕಾದದ್ದು ಮಂಗಳವಾರ.

"ನಾನು ರಮೇಶನಿಗೆ ಫೋನ್ ಮಾಡೋಣ ಅಂತ ಕೈ ಚಾಚಿದೆ. ಅಷ್ಟರಲ್ಲಿ ಅವನೇ ಮಾಡಿದ" ಎನ್ನುತ್ತಾರೆ ಸರಳಾ. ರಮೇಶನ ಮನೆಯ ಸಾಮಾನೆಲ್ಲ ಖಾಲಿಯಾಗಿತ್ತು, ಎಲ್ಲರೂ ಕಾರ್ಪೆಟ್ಟಿನ ಮೇಲೆ ಮಲಗುತ್ತಿದ್ದರು. ಎರಡು ತಿಂಗಳಲ್ಲಿ ಮೊದಲ ಸಲ ರಮೇಶ ನಗುತ್ತಿದ್ದ. "ಅವ್ವ ಹೊಸಾ ಬೂಟ್ ಹಾಕ್ಕೊಂಡು ಖಾಲಿ ಮನೀ ತುಂಬ ಅಡ್ಡಾಡ್ಲಿಕ್ಹತ್ಯಾಳ್ರೀ ಆಂಟಿ. ರೂಢಿ ಆಗಲಿ ಅಂತಾಳ" ಎಂದ.

"ಆ ನಗು ಕೇಳಿ ನಂಗೆ ಬಾಯಿ ಬರ್ಲಿಲ್ಲ. ನಾಳೆ ಹೇಳೋಣ ಅಂದ್ಕೊಂಡೆ. ಶನಿವಾರ ಹೋಯ್ತು. ಭಾನುವಾರ, ಇನ್ನೊಂದೆರಡು ದಿನ ಓಡಿಸ್ತಾರೇನೋ ಅಂತ ನಂಗೆ ನಾನೇ ಹೇಳ್ಕೊಂಡೆ. ಸೋಮವಾರ, ಈಗ ಹೇಳಿ ಏನು ಪ್ರಯೋಜನ ಅಂದ್ಕೊಂಡೆ. ಮಂಗಳವಾರ ಅವ್ರು ಹೊರಟುಬಿಟ್ರು."

ಪ್ರಯೋಜನ ಇತ್ತು. ಅಲ್ಲಿಂದ ನಲವತ್ತು ಮೈಲಿ ದೂರದ ಇನ್ನೊಂದು ಕಣಿವೆಯಲ್ಲಿ ಹಿಮನದಿಗೆ ಹೋಗುವ ಕೇಬಲ್ ಕಾರು ಚಳಿಗಾಲದಲ್ಲೂ ಓಡುತ್ತದೆ. ಒಂದು ಫೋನಿನಲ್ಲಿ ಕೋಣೆ ಬದಲಾಯಿಸಬಹುದಿತ್ತು. ಇದು ಸರಳಾಗೆ ಗೊತ್ತಾದದ್ದು ನವೆಂಬರಿನಲ್ಲಿ, ಬೇರೆ ಯಾರಿಗೋ ಮನೆ ಹುಡುಕುತ್ತಿದ್ದಾಗ.

ಊರು ತಲುಪಿದ ರಮೇಶ ಒಂದು ಸಾಲಿನ ಇಮೇಲ್ ಕಳಿಸಿದ್ದ: ತಲುಪಿದೆವು. ಆಮೇಲೆ ಅವನಿಂದ ಒಂದಕ್ಷರವೂ ಬರಲಿಲ್ಲ. ಸರಳಾ ಅವನಿಗೆ ಕ್ಷಮೆ ಕೇಳಿ ಇಮೇಲ್ ಬರೆಯಲು ಕೂತರು. ಬಗೆಬಗೆಯಲ್ಲಿ ಬರೆಯಲು ನೋಡಿ ಅಳಿಸಿದರು. ಫೆಬ್ರವರಿಯ ಒಂದು ಬೆಳಿಗ್ಗೆ ತಿರುಮಲೇಶ ಹೆಂಡತಿಯ ಮುಂದೆ ಫೋನ್ ತಂದಿಟ್ಟು, "ರಮೇಶನಿಗೆ ಬೇಡ, ಆ ತಾಯಿಗೇ ಮಾಡು" ಎಂದರು.

ಧಾರವಾಡದ ಮನೆಯಲ್ಲಿ ಫೋನ್ ಎತ್ತಿದ್ದು ಶಾಂತವ್ವನೇ. ಸರಳಾ ಪೀಠಿಕೆಯಿಲ್ಲದೆ ಹೇಳಿದರು: ಕೇಬಲ್ ಕಾರು ನಿಲ್ಲುತ್ತದೆಂದು ನನಗೆ ಮೊದಲೇ ಗೊತ್ತಿತ್ತು, ನಿಮಗೆ ಹೇಳಲಿಲ್ಲ.

"ಗೊತ್ತೈತವಾ" ಎಂದರು ಶಾಂತವ್ವ. "ನಾವು ಹೋದ ದಿನಾನ ಆ ಮನೀ ಹೆಣ್ಣಮಗಳು ಹೇಳಿದ್ಲು, ನಿನಗ ಬರದಿದ್ದೆ ಅಂತ. ರಮೇಶಗ ಭಾಳ ಸಿಟ್ಟು ಬಂತು. ನಿನಗ ಫೋನ್ ಹಚ್ಚತೀನಿ ಅಂದ. ನಾನ ಬ್ಯಾಡ ಅಂದೆ. ತಾನಾಗೇ ಹೇಳತಾಳ ತಡೀ ಅಂದೆ."

ನಾಲ್ಕು ತಿಂಗಳು ಅವರು ಕಾದಿದ್ದರು. ಇದನ್ನು ಹೇಳುವಾಗ ಸರಳಾ ಕಿಟಕಿಯ ಕಡೆ ನೋಡುತ್ತಾರೆ.

ಆ ಮೂರು ದಿನ ಏನು ಮಾಡಿದಿರಿ ಎಂದು ಸರಳಾ ಕೇಳಿದ್ದಕ್ಕೆ ಶಾಂತವ್ವ ಹೇಳಿದ್ದಿಷ್ಟು: ಮೊದಲ ದಿನ ಕೇಬಲ್ ಕಾರಿನ ಕೆಳಗಿನ ಸ್ಟೇಷನ್ನಿನವರೆಗೆ ಹೋಗಿ, ಮುಚ್ಚಿದ ಬಾಗಿಲು ನೋಡಿ ಬಂದರು. ಮೇಲೆಲ್ಲ ಮೋಡ. ಮರುದಿನ ಕಾರ್ಡು ತೋರಿಸಿ ಬಸ್ಸಿನಲ್ಲಿ ಕಣಿವೆಯ ಕೊನೆಯ ಸ್ಟಾಪಿಗೆ ಹೋದರು. ಅಲ್ಲಿ ಹಿಮನದಿಯಿಂದ ಇಳಿದು ಬರುವ ಹೊಳೆಯಿತ್ತು. "ಹಾಲಿನ್ಹಂಗ ನೀರು. ಕಲ್ಲು ಅರದ ಹಿಟ್ಟು ಅದು, ಪುಸ್ತಕದಾಗ ಇದ್ಹಂಗ. ಮೊಮ್ಮಗಳ ಕೈ ಹಿಡಕೊಂಡು ಕೆಳಗ ಇಳದು ಮುಟ್ಟಿದೆ. ಭಾಳ ತಂಪಿತ್ತು. ಅಷ್ಟಕ್ಕ ಬಂದ್ವಿ."

ಇನ್ನೊಮ್ಮೆ ಹೋಗಿ ಬನ್ನಿ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದರು ಸರಳಾ. ಶಾಂತವ್ವ ಒಪ್ಪಲಿಲ್ಲ. ಮಂಡಿ ಮನೆಯ ಮೆಟ್ಟಿಲನ್ನೂ ಹತ್ತಗೊಡುತ್ತಿರಲಿಲ್ಲ. ಸರಳಾ ಅತ್ತಾಗ ಅವರು ಟೀಚರ್ ಆದರು. "ತಪ್ಪು ಬರದ ಹುಡುಗೀನ ನಾ ಎಂದೂ ಹೊಡದಿಲ್ಲ. ಹತ್ತು ಸಲ ಸರಿ ಬರಸ್ತಿದ್ದೆ. ನೀನೂ ಹಂಗ ಮಾಡು. ಇಡು ಫೋನ್, ಬಿಲ್ ಏರತದ."

ಅವತ್ತಿನಿಂದ ಈ ಬೆಳಗಿನ ಫೋನು ಶುರುವಾಯಿತು. ಪ್ರತಿ ಕುಟುಂಬ ಹೊರಡುವ ಹದಿನೈದು ದಿನ ಮೊದಲಿಂದ, ವಿಮಾನ ಹತ್ತುವ ದಿನದವರೆಗೆ, ಪ್ರತಿದಿನ. ಕೈಪಿಡಿ, ವೆಬ್‌ಸೈಟು ಯಾವುದನ್ನೂ ಅವರೀಗ ಪೂರ್ತಿ ನಂಬುವುದಿಲ್ಲ. ತಿರುಮಲೇಶರಿಗೆ ಈ ಜುಲೈನಲ್ಲಿ, ಒಂದು ಗಂಟೆ ದಾರಿಯ ಟೊಲೀಡೊದಲ್ಲಿ ಕಾಂಟ್ರಾಕ್ಟ್ ಕೆಲಸ ಸಿಕ್ಕಿದೆ. "ಇನ್ನು ಇದನ್ನ ನಿಲ್ಲಿಸು, ಸಾಕು ಅಂದೆ. ಕೇಳಲ್ಲ" ಎಂದು ಅವರು ಊಟದ ಡಬ್ಬಿ ಹಿಡಿದು ಹೊರಡುತ್ತಾರೆ.

ರಮೇಶ ಬೆಂಗಳೂರಿನಲ್ಲಿ ಕೆಲಸ ಹಿಡಿದಿದ್ದಾನಂತೆ. ಅವನು ಇನ್ನೂ ಮಾತಾಡಿಲ್ಲ. ದೀಪಾವಳಿಗೆ, ಯುಗಾದಿಗೆ ಕಳಿಸಿದ ಶುಭಾಶಯಕ್ಕೂ ಉತ್ತರವಿಲ್ಲ. "ಅವ್ನದ್ದು ಸರಿ. ಕೆಲಸ ಹೋಗಿ, ದೇಶ ಬಿಟ್ಟು ಹೋಗೋ ಹೊತ್ತಲ್ಲಿ, ತಾಯಿಗೆ ಅಂತ ಅವ್ನು ಇಟ್ಕೊಂಡಿದ್ದು ಅದೊಂದೇ. ಅದನ್ನ ನಾನು ಹಾಳು ಮಾಡಿದೆ. ಕೇಬಲ್ ಕಾರು ನಿಲ್ಲಿಸಿದ್ದು ನಾನಲ್ಲ. ಆದ್ರೆ ಸುಮ್ನಿದ್ದಿದ್ದು ನಾನೇ" ಎನ್ನುತ್ತಾರೆ ಸರಳಾ.

ಮಾತು ಮುಗಿಸಿ ನಾನು ಏಳುವ ಹೊತ್ತಿಗೆ ಆಸ್ಟ್ರಿಯಾದಿಂದ ಫೋನ್ ಬರುತ್ತದೆ. ಫಾರ್ಮಿಂಗ್ಟನ್ ಹಿಲ್ಸ್‌ನ ಸುಹಾಸಿನಿ ಮತ್ತು ಸಮರ್ಥ ದಂಪತಿಗೆ ಗೊತ್ತುಮಾಡಿದ್ದ ಊರಿನಲ್ಲಿ ಮಣ್ಣು ಕುಸಿದು ಬಸ್ಸಿನ ದಾರಿ ಮುಚ್ಚಿದೆ, ತೆರೆಯಲು ತಿಂಗಳಾಗಬಹುದು. ಸರಳಾ ಫೋನನ್ನು ಕೈಯಿಂದ ಕೆಳಗಿಡುವುದಿಲ್ಲ, ಕೂರುವುದೂ ಇಲ್ಲ, ನಿಂತಲ್ಲೇ ಸುಹಾಸಿನಿಯ ನಂಬರು ಒತ್ತುತ್ತಾರೆ. ಏಳು ಗಂಟೆಗೆ ಎಚ್ಚರವಾದ ಸುಹಾಸಿನಿಯ ದನಿ ನನಗೂ ಕೇಳಿಸುತ್ತದೆ. ರಜ ಹಾಕಿಯಾಗಿದೆ, ಮಕ್ಕಳಿಗೆ ಹೇಳಿಯಾಗಿದೆ, ಇದನ್ನೆಲ್ಲ ಮೊದಲೇ ವಿಚಾರಿಸಬಾರದಿತ್ತೇ ಆಂಟಿ ಎಂದು ಆಕೆ ಒಂದೇ ಸಮನೆ ಕೇಳುತ್ತಿದ್ದಾರೆ. ಸರಳಾ ಎಲ್ಲಿಯೂ ತಡೆಯುವುದಿಲ್ಲ. "ಹೌದಮ್ಮ. ಹೌದು. ಬೇರೆ ಊರು ನೋಡ್ತೀನಿ, ಸಾಯಂಕಾಲದೊಳಗೆ ಹೇಳ್ತೀನಿ" ಎಂದಷ್ಟೇ ಹೇಳುತ್ತಾರೆ.

ಫೋನ್ ಇಟ್ಟು, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ.

"ಬೈದ್ರು" ಎನ್ನುತ್ತಾರೆ. "ಬೈಲಿ. ಗೊತ್ತಾಗಿ ಐದು ನಿಮಿಷ ಆಗಿಲ್ಲ, ಹೇಳ್ಬಿಟ್ಟೆ ನೋಡಿ."