ಒಳಗಿನ ಕೋಣೆಗೆ ಕರೆಯದ ಡಾಕ್ಟರಮ್ಮ

ಮೊನ್ನೆ ನಮ್ಮ ಬೀದಿಯಲ್ಲಿ ಯಾರೋ ಹಾಸಿಗೆಗೆಂದು ಹತ್ತಿ ಹಿಂಜಿಸುತ್ತಿದ್ದರು. ಹೊಸ ಹತ್ತಿಯ ಆ ಒಣ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಹಾಕುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಸಾಸಿವೆ ಸೀದುಹೋಯಿತು.

ನನ್ನ ಮಗ ದಿನ ತುಂಬುವ ಮೊದಲೇ ಹುಟ್ಟಿದವನು. ಎಂಬತ್ತರ ದಶಕದ ಮಾತು, ಆಗ ನಾವು ಹೊನ್ನಾಳಿಯಲ್ಲಿದ್ದೆವು. ಅಂಥ ಕೂಸನ್ನು ಹತ್ತಿಯಲ್ಲಿ ಸುತ್ತಿ ಕತ್ತಲೆ ಮೂಲೆಯಲ್ಲಿ ಮಲಗಿಸುವುದು ನಮ್ಮ ಮನೆಯ ಪದ್ಧತಿ. ಹಾಲು ಕುಡಿಸಲು ಮಾತ್ರ ಎತ್ತಬೇಕು. ಮುದ್ದು ಮಾಡುವಂತಿಲ್ಲ, ಮಾತಾಡಿಸುವಂತಿಲ್ಲ. "ದಿನ ತುಂಬಾಗಂಟ ಅದಿನ್ನೂ ಹೊಟ್ಟೇಲೇ ಐತೆ ಅಂತ ತಿಳ್ಕಾ. ಸುಮ್ನಿರು," ಎನ್ನುತ್ತಿದ್ದರು ಅತ್ತೆ. ಅತ್ತೆಯ ಮಾತೆಂದರೆ ಆಗ ಹೈಕೋರ್ಟಿನ ತೀರ್ಪು.

ಡಾಕ್ಟರಮ್ಮ ಬರುತ್ತಿದ್ದದ್ದು ದಾವಣಗೆರೆಯ ಬಸ್ಸಿಗೆ, ಸಂತೆಯ ದಿನ. ತೂಕ ನೋಡಿಸಲೆಂದು ಆ ದಿನ ಮಾತ್ರ ಕೂಸನ್ನು ಹತ್ತಿ ಸಮೇತ ಎತ್ತಿಕೊಂಡು ಹೋಗಲು ಅತ್ತೆ ಬಿಡುತ್ತಿದ್ದರು. ಅವಸರವಾಗಿ ಹುಟ್ಟಿದ ಮಕ್ಕಳ ಮಿದುಳು ಹೇಗೆ ಬೆಳೆಯುತ್ತದೆ ಎಂದು ಕಂಡುಹಿಡಿಯುವುದು ಅವರ ಕೆಲಸ. ನಮ್ಮೂರ ಆಸ್ಪತ್ರೆಯ ಜಗಲಿಯಲ್ಲಿ ಕೂಸುಗಳನ್ನು ತೂಗುತ್ತಿದ್ದರು, ತಲೆಯ ಸುತ್ತಳತೆ ತೆಗೆಯುತ್ತಿದ್ದರು, ಕೆಂಪು ಉಲ್ಲನ್ ಚೆಂಡನ್ನು ಮುಖದ ಮುಂದೆ ಆಡಿಸಿ ಕಣ್ಣು ಅದರ ಹಿಂದೆ ಹೋಗುತ್ತದೋ ನೋಡುತ್ತಿದ್ದರು. ಗುಳಿಗೆ ಇಲ್ಲ, ಸೂಜಿ ಇಲ್ಲ. ಇದೆಂಥ ಡಾಕ್ಟರಿಕೆ ಎಂದು ನನಗೆ ತಿಳಿಯುತ್ತಲೇ ಇರಲಿಲ್ಲ. ನನ್ನ ಮಗನ ಕಣ್ಣು ಚೆಂಡಿನ ಹಿಂದೆ ಹೋಗುತ್ತಿರಲಿಲ್ಲ. "ಇವನ ತಲೆ ಸರಿ ಐತಾ ಡಾಕ್ಟ್ರೇ?" ಎಂದರೆ "ನೋಡೋಣ ರೀ" ಎಂದು ಬರೆದುಕೊಳ್ಳುತ್ತಿದ್ದರು... ಆ "ನೋಡೋಣ" ಕೇಳಿ ಕೇಳಿ ನನಗೆ ಸಾಕಾಗಿತ್ತು.

ಕೆಲವು ತಾಯಂದಿರನ್ನು ಮಾತ್ರ ಒಳಗಿನ ಕೋಣೆಗೆ ಕರೆಯುತ್ತಿದ್ದರು. ನ್ಯಾಮತಿಯಿಂದ ಬರುತ್ತಿದ್ದ ಒಬ್ಬಾಕೆ ಪ್ರತಿ ಸಲ ಒಳಗೆ ಹೋಗಿ ನಗುನಗುತ್ತಾ ಹೊರಗೆ ಬರುತ್ತಿದ್ದಳು. ನನ್ನನ್ನು ಒಮ್ಮೆಯೂ ಕರೆಯಲಿಲ್ಲ. ನಮ್ಮ ಕೇರಿಯೇ ಕಾರಣವೇನೋ ಎಂದುಕೊಂಡು ಹೊಟ್ಟೆ ಉರಿಯಿತು. ತಡೆಯಲಾರದೆ ಕೇಳಿಯೇಬಿಟ್ಟೆ.

"ಛೇ, ಹಾಗಲ್ಲ ರೀ. ಚೀಟಿ ಎತ್ತಿದ್ದು. ಅರ್ಧ ಜನಕ್ಕೆ ಹೇಳಿಕೊಡ್ತೀವಿ, ಇನ್ನರ್ಧ ಜನರನ್ನ ಹಾಗೇ ನೋಡ್ತೀವಿ. ಆಮೇಲೆ ಹೋಲಿಸಬೇಕಲ್ಲ," ಎಂದರು.

ಕೂಸಿನ ತಲೆಗೂ ಚೀಟಿ ಎತ್ತುತ್ತಾರೆಯೇ? ಬಂದದ್ದು ಸಿಟ್ಟೋ ದುಃಖವೋ ತಿಳಿಯದೆ ಮನೆಗೆ ಬಂದೆ.

ಮುಂದಿನ ಸಂತೆಗೆ ಹೋಗಿ ಕಿಟಕಿಯ ಬಳಿ ನಿಂತೆ. ಒಳಗೆ ನ್ಯಾಮತಿಯಾಕೆ ಸೆರಗಿನೊಳಗೆ ಕೂಸನ್ನು ಬರಿ ಎದೆಗೆ ಅವಚಿಕೊಂಡು, ಬೆನ್ನು ಸವರುತ್ತಾ ಏನೇನೋ ಮಾತಾಡುತ್ತಿದ್ದಳು. ಅಷ್ಟೇ! ಇಷ್ಟಕ್ಕೆ ಬಾಗಿಲು ಹಾಕಿಕೊಳ್ಳಬೇಕಿತ್ತೇ? ಅತ್ತೆ ಹಿತ್ತಲಿಗೆ ಹೋದಾಗಲೆಲ್ಲ ನಾನೂ ಹತ್ತಿ ಬಿಚ್ಚಿ ಮಗನನ್ನು ಎದೆಗೆ ಹಾಕಿಕೊಂಡೆ. ಏನು ಮಾತಾಡಬೇಕೋ ತೋಚದೆ, ಸಾರಿಗೆ ಏನೇನು ಹಾಕಿದ್ದೇನೆ ಎಂದು ಅವನಿಗೆ ಹೇಳುತ್ತಿದ್ದೆ.

ಕೆಲವು ವಾರಗಳ ಮೇಲೆ ಚೆಂಡಿನ ಹಿಂದೆ ಅವನ ಕಣ್ಣು ಓಡಿತು. ನಾನು ಮಾತಾಡಿದರೆ ಕತ್ತು ತಿರುಗಿಸಿದ. ಡಾಕ್ಟರಮ್ಮ ಹಿಗ್ಗಿ ನಕ್ಕವರು, ಥಟ್ಟನೆ ನನ್ನ ಮುಖ ನೋಡಿದರು.

"ಏನು ಮಾಡಿದ್ರಿ? ನಿಜ ಹೇಳಿ."

"ಒಳಗೆ ಅವರಿಗೆ ಮಾಡಾಕೆ ಹೇಳ್ತೀರಲ್ಲ, ಅದನ್ನೇ ಮಾಡ್ದೆ ರೀ. ಕಿಟಕೀಲಿ ನೋಡಿದ್ದೆ."

ಪೆನ್ನು ಕೈಗೆತ್ತಿಕೊಂಡರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ, ನನ್ನ ಮಗನ ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದರು. "ಇನ್ನು ನೀವು ಬರೋದು ಬೇಡ ರೀ. ನಿಮ್ಮ ಮಗು ಈಗ ಯಾವ ಅರ್ಧಕ್ಕೂ ಸೇರಲ್ಲ, ನಮ್ಮ ಲೆಕ್ಕಕ್ಕೆ ಬರಲ್ಲ." ಆಮೇಲೆ ಕೂಸನ್ನು ನನ್ನ ಕೈಗೆ ಕೊಡುತ್ತಾ, ನನ್ನ ಹಾಗೇ ಒಮ್ಮೆಯೂ ಒಳಗೆ ಕರೆಸಿಕೊಳ್ಳದ, ಪಕ್ಕದಲ್ಲೇ ಮಗು ಮಲಗಿಸಿಕೊಂಡು ಕೂತಿದ್ದ ಚನ್ನಗಿರಿಯಾಕೆಗೆ ಕೇಳಿಸದಂತೆ, "ಮಾಡ್ತಿರೋದನ್ನ ಮಾತ್ರ ಬಿಡಬೇಡಿ," ಎಂದರು. ಅವರ ಕಣ್ಣು ತುಂಬಿತ್ತು... ಅಥವಾ ನನಗೆ ಹಾಗೆ ಕಂಡಿತೋ.

ಮೊನ್ನೆ ಹತ್ತಿಯ ವಾಸನೆ ಕೆದಕಿದ ಮೇಲೆ ಅವರನ್ನು ಒಮ್ಮೆ ನೋಡಲೇಬೇಕು ಅನ್ನಿಸಿತು. ಮಗ ಅಲ್ಲಿ ಇಲ್ಲಿ ವಿಚಾರಿಸಿಕೊಂಡು ಬಂದ. ಅವರು ತೀರಿಕೊಂಡು ವರ್ಷಗಳೇ ಆದವಂತೆ. ಅತ್ತೆ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಮಗ ಈಗ ತ್ಯಾವಣಿಗೆಯ ಕಡೆ ಮೇಷ್ಟ್ರು. ಆ ಎದೆಯ ಬಿಸಿಯಿಂದ ಸರಿಹೋದನೋ, ಹೇಗಿದ್ದರೂ ಸರಿಹೋಗುತ್ತಿದ್ದನೋ... "ಅವರಿಗೂ ಆಗ ಗೊತ್ತಿರಲಿಲ್ಲಮ್ಮ, ತಿಳ್ಕೊಳಾಕೇ ತಾನೇ ಚೀಟಿ ಎತ್ತಿದ್ದು?" ಎಂದು ಅವನು ನನ್ನನ್ನು ಸಮಾಧಾನ ಮಾಡುತ್ತಾನೆ. ಇರಬಹುದು. ಗೊತ್ತಿರಲಿಲ್ಲವೆಂದರೆ, ಬಿಡಬೇಡಿ ಎಂದು ನನಗೆ ಯಾಕೆ ಹೇಳಿದರು? ಗೊತ್ತಿತ್ತು ಎಂದರೆ, ಚನ್ನಗಿರಿಯಾಕೆಗೆ ಯಾಕೆ ಹೇಳಲಿಲ್ಲ?