ಡಿಕ್ಕಿಯೊಳಗೆ ಮಲಗಿ ಕೇಳಿದವರು

ಕುಷಾಯಿಗೂಡದ ಆ ಮೆಕ್ಯಾನಿಕ್ ಯಾರ ಮಾತನ್ನೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ನಾನು ಸೆಕೆಂಡ್ ಹ್ಯಾಂಡ್ ಕೊಂಡಿದ್ದ ಹಳೆಯ ನಾಲ್ಕು ಸೀಟಿನ ಸ್ಪೋರ್ಟ್ಸ್ ಕಾರು ಎಡಕ್ಕೆ ತಿರುಗಿದಾಗಲೆಲ್ಲ ಹಿಂದೆಲ್ಲೋ ಕಟಕಟ ಅನ್ನುತ್ತಿತ್ತು. ಬೀದರ್ ಕಡೆಯವರು, ಈ ಪರಭಾಷೆಯ ಊರಲ್ಲಿ ನಮ್ಮ ಭಾಷೆಯವರು ಎಂದು ಅವರ ಬಳಿ ಒಯ್ದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳಿದರು.

“ಇಲ್ಲೇನೂ ಇಲ್ರಿ. ಆದ್ರ ನನಗ ಡೌಟ್ ಐತಿ.”

ಮೂರು ಸಲ ಹೋದಾಗಲೂ ಅದೇ ಮಾತು. ಸದ್ದು ಮಾತ್ರ ಪ್ರತಿ ಸಲವೂ ಹೆಚ್ಚಾಗಿತ್ತು. ಇವರೇ ಏನನ್ನೋ ಸಡಿಲಿಸಿ ಕಳಿಸುತ್ತಿದ್ದಾರೆಂದು ನನಗೆ ಅನುಮಾನ ಬಂತು. ನಾಲ್ಕನೆಯ ಸಲ ಅವರ ಕೈಗಳನ್ನೇ ನೋಡುತ್ತ ನಿಂತೆ. ಅವರಿಗದು ತಿಳಿಯಿತು. ಡಿಕ್ಕಿ ತೆರೆದು ಒಳಗೆ ಮುದುಡಿ ಮಲಗಿದರು.

“ಮುಚ್ಚರಿ. ಸಾವಕಾಶ ಓಡಸ್ರಿ.”

ಮುಚ್ಚಿದೆ. ನಾಲ್ಕು ಸಲ ಎಡಕ್ಕೆ ತಿರುಗಿಸಿ ತಂದು ನಿಲ್ಲಿಸಿ, ಡಿಕ್ಕಿ ತೆರೆದೆ. ಬೆವರಿನಲ್ಲಿ ತೊಯ್ದು ಹೊರಬಂದವರು ಒಳಗಿನ ಹಾಸು ಕಿತ್ತು ತೋರಿಸಿದರು. ಬಣ್ಣದಡಿ ಅಡ್ಡಲಾಗಿ ವೆಲ್ಡಿಂಗ್ ಗೆರೆಯಿತ್ತು, ಒಂದು ಕಡೆ ಬಾಯಿ ಬಿಟ್ಟಿತ್ತು.

“ಗುದ್ದಿಸ್ಕೊಂಡ ಎರಡು ಗಾಡಿ ಕೊಯ್ದು, ಅರ್ಧಾ ಅರ್ಧಾ ಕೂಡ್ಸಿ ಮಾರ್ಯಾರ್ರಿ ನಿಮಗ.”

“ಮತ್ತ ನೀವು ಅದರಾಗ ಮಕ್ಕೊಂಡಿದ್ರಲ್ರಿ!”

“ಹೊರಗ ನಿಂತ್ರ ಕೇಳಸಂಗಿಲ್ರಿ,” ಎಂದವರು ಕೀಲಿಗೆ ಕೈ ಚಾಚಿದರು. “ನೀವು ಆಟೋದಾಗ ಹೋಗ್ರಿ.”

ಆ ಸಂಜೆ ಹೆಂಡತಿ, ಮಗಳನ್ನು ಕೂರಿಸಿಕೊಂಡು ಅದೇ ಕಾರಿನಲ್ಲಿ ಕೋಠಿ ಬಜಾರಿಗೆ ಹೋಗುವವನಿದ್ದೆ. ಕೀಲಿ ಕೊಟ್ಟೆ.