ಕೆರೆಯಂಚಿನ ಸೊಪ್ಪು

ಹೇರೋಹಳ್ಳಿಯ ಹೊಸ ಮನೆಗೆ ಬಂದಾಗ ನಾನು ಬಸುರಿ. ಪಕ್ಕದ ಮನೆಯ ಅಜ್ಜಿ ಒಂದು ಬೆಳಿಗ್ಗೆ ಕೆರೆಯಂಚಿನಿಂದ ಹೊನಗೊನೆ ಸೊಪ್ಪು ಕಿತ್ತು ತಂದುಕೊಟ್ಟರು. ಮಸ್ಸೊಪ್ಪು ಮಾಡಿ, ಬಿಸಿ ಮುದ್ದೆಯ ಜೊತೆ ಹೊಟ್ಟೆ ತುಂಬಾ ಉಂಡೆ. ಸಂಜೆ ಕೆರೆಯ ಕಡೆ ವಾಕಿಂಗ್ ಹೋದಾಗ ನೋಡಿದರೆ, ನಮ್ಮ ಬಡಾವಣೆಯ ಚರಂಡಿ ನೀರು ಕಪ್ಪಗೆ ಆ ಸೊಪ್ಪಿನ ಬುಡದಲ್ಲೇ ಹರಿಯುತ್ತಿತ್ತು.

ಅಜ್ಜಿಯನ್ನು ಕರೆತಂದು ತೋರಿಸಿದೆ. "ಚಿಕ್ಕೋಳಿದ್ದಾಗಿಂದ ಇಲ್ಲೇ ಕೀಳ್ತಿದ್ದೆ ಕಣವ್ವ. ಕಣ್ಣು ಮಂಜು, ನೀರು ನೋಡ್ಲೇ ಇಲ್ಲ" ಅಂದರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿ, "ಎಲ್ಲಾ ತಿಂದ್ಬಿಟ್ಟೆಯಾ?" ಎಂದು ಮೆಲ್ಲಗೆ ಕೇಳಿದರು.

ಡಾಕ್ಟರು ಏನೂ ಆಗಲ್ಲ ಅಂದರೂ ಮಗಳು ಹುಟ್ಟುವವರೆಗೆ ನನಗೆ ಸಮಾಧಾನವಿರಲಿಲ್ಲ. ಆಸ್ಪತ್ರೆಗೆ ಬಂದ ಅಜ್ಜಿ ಮಗುವಿನ ಕೈಕಾಲು ಬೆರಳುಗಳನ್ನೆಲ್ಲ ಮುಟ್ಟಿ ನೋಡಿ, ಆಮೇಲಷ್ಟೇ ಕುರ್ಚಿಯಲ್ಲಿ ಕೂತರು.